ಬದು ಸರಿಸುವವರು

ಊರಿನ ಫುಟ್‌ಬಾಲ್ ತಂಡ ಗೆದ್ದ ಮರುದಿನ ಬೆಳಿಗ್ಗೆ ಅಪ್ಪ ಚಹಾಕ್ಕೂ ನಿಲ್ಲುತ್ತಿರಲಿಲ್ಲ. ಸಲಿಕೆ ಹೆಗಲಿಗೇರಿಸಿ ನೇರ ಹೊಲಕ್ಕೆ ಹೋಗುತ್ತಿದ್ದ. ಹಿಂದಿನ ಸಂಜೆಯವರೆಗೆ ಎದೆಮಟ್ಟ ನಿಂತಿದ್ದ ಜೋಳ, ಮೈದಾನದ ಅಂಚಿಗೆ ಒಂದು ಪಟ್ಟಿಯಷ್ಟು, ಗಿಡ್ಡ ಹುಲ್ಲಾಗಿರುತ್ತಿತ್ತು. ದಂಟು ಮುರಿದ ಗುರುತಿಲ್ಲ, ತೆನೆ ಉದುರಿದ ಗುರುತಿಲ್ಲ. ಅಲ್ಲಿ ಯಾರೂ ಎಂದೂ ಬಿತ್ತಿಯೇ ಇಲ್ಲವೇನೋ ಎನ್ನುವಂತೆ ಹುಲ್ಲು ಇಬ್ಬನಿ ಹೊದ್ದು ಮಲಗಿರುತ್ತಿತ್ತು. ಅಪ್ಪ ಹಳೆಯ ಬದುವನ್ನು ಕಿತ್ತು, ಹುಲ್ಲು ಮುಗಿದು ಜೋಳ ಶುರುವಾಗುವಲ್ಲಿ ಹೊಸ ಬದು ಹಾಕುತ್ತಿದ್ದ. ಅದು ಹೊಲದವನೇ ಮಾಡಬೇಕಾದ ಕೆಲಸ. ಬೇರೆಯವರು ಆ ದಿನ ಸಲಿಕೆ ಮುಟ್ಟುವಂತಿರಲಿಲ್ಲ.

ಗೆದ್ದರೆ ಮೈದಾನ ಬೆಳೆಯುತ್ತಿತ್ತು, ಸೋತರೆ ಕುಗ್ಗುತ್ತಿತ್ತು. ನಮ್ಮ ಊರಿನಲ್ಲಿ ಇದನ್ನು ಯಾರೂ ದೊಡ್ಡ ಸಂಗತಿಯೆಂದು ಮಾತಾಡುತ್ತಿರಲಿಲ್ಲ. ಮಳೆಯಾದರೆ ಹಳ್ಳ ಬರುತ್ತದೆ ಎಂದು ಯಾರು ಕೂತು ಮಾತಾಡುತ್ತಾರೆ? ಮೈದಾನದ ಒಂದು ಕಡೆ ಎಣ್ಣೆ ಗಿರಣಿಯ ಗೋಡೆ, ಇನ್ನೊಂದು ಕಡೆ ಪೇಟೆಗೆ ಹೋಗುವ ರಸ್ತೆ, ಮತ್ತೊಂದು ಕಡೆ ಗೌಡರ ಮನೆತನದ ರುದ್ರಭೂಮಿ. ನಾಲ್ಕನೆಯ ಕಡೆ ನಮ್ಮ ಹೊಲಗಳು. ಮೈದಾನ ಬೆಳೆದದ್ದೆಲ್ಲ ಈ ನಾಲ್ಕನೆಯ ಕಡೆಗೇ. ಗೋಡೆಯನ್ನು ಅದು ಒಂದು ಇಟ್ಟಿಗೆಯಷ್ಟೂ ತಳ್ಳಲಿಲ್ಲ.

ಬದು ಹಾಕಿ ಮುಗಿಯುವ ಹೊತ್ತಿಗೆ ಹಲಗೆ ಬಾರಿಸುತ್ತ ಜನ ಬರುತ್ತಿದ್ದರು. ಸಂಘದವರು ಕೆಂಪು ರುಮಾಲು ತರುತ್ತಿದ್ದರು. ಅಪ್ಪ ಮಣ್ಣು ಕೈಯನ್ನು ಧೋತರಕ್ಕೆ ಒರೆಸಿಕೊಂಡು ತಲೆ ಬಗ್ಗಿಸುತ್ತಿದ್ದ. ಅವರು ಸುತ್ತುತ್ತಿದ್ದರು. ಮುಂದಿನ ಪಂದ್ಯದ ದಿನ ಮೈಕಿನ ದಾವಲಸಾಬ ಚೆಂಡು ಉರುಳುವ ಮೊದಲು ಕೂಗುತ್ತಿದ್ದ: "ಇವತ್ತಿನ ನೆಲಾ ಯಮನಪ್ಪನವರದು! ಹೊಡೀರಿ ಚಪ್ಪಾಳಿ!" ಜನ ಹೊಡೆಯುತ್ತಿದ್ದರು. ಅಪ್ಪ ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈ ಮುಗಿಯುತ್ತಿದ್ದ. ಆಗ ಅವನ ಮುಖ ನೋಡಿದವರು ಅವನು ಏನೋ ಕಳೆದುಕೊಂಡಿದ್ದಾನೆ ಎನ್ನಲು ಸಾಧ್ಯವಿರಲಿಲ್ಲ.

ಸಂಘ ಕಟ್ಟಿದವನು ಗಿರಣಿಗೆ ಯಂತ್ರ ಕೂಡಿಸಲು ರುಮಾನಿಯಾದಿಂದ ಬಂದಿದ್ದ ಪೇತ್ರು ಎಂಬ ಇಂಜಿನಿಯರು. ಊರಿನವರ ಬಾಯಲ್ಲಿ ಅವನು ಪೇತ್ರಪ್ಪ. ತನ್ನ ಅಪ್ಪ ಆಡುತ್ತಿದ್ದ ತಂಡದ ಹೆಸರನ್ನೇ ಇಲ್ಲಿಗೂ ಇಟ್ಟ. ಉನಿರಿಯಾ ಎಂದು. ಒಗ್ಗಟ್ಟು ಎಂದು ಅದರ ಅರ್ಥವಂತೆ. ಸಂಜೆ ಗಿರಣಿಯ ಹುಡುಗರನ್ನು ಸಾಲು ನಿಲ್ಲಿಸಿ, ಪ್ಯಾಂಟಿನ ಕಾಲು ಮಡಚಿ, ತಾನೇ ಒದ್ದು ತೋರಿಸುತ್ತಿದ್ದ. ಮೊದಲ ಸಲ ಗೆದ್ದು ಮೈದಾನ ಬೆಳೆದ ಬೆಳಿಗ್ಗೆ ಅವನು ಬಂದು, ಹುಲ್ಲನ್ನೂ ಅಪ್ಪನ ಸಲಿಕೆಯನ್ನೂ ನೋಡಿ, ಗಿರಣಿಯ ಗುಮಾಸ್ತನನ್ನು "ಯಾರ ಹೊಲ ಇದು?" ಎಂದು ಕೇಳಿದನಂತೆ. ಗುಮಾಸ್ತ, "ಊರಂದ ಸಾಹೇಬ್ರ, ಎಲ್ಲಾ ಊರಂದ," ಅಂದನಂತೆ. ಪೇತ್ರಪ್ಪ ಅಪ್ಪನ ಕಡೆ ತಿರುಗಿ ಟೊಪ್ಪಿಗೆ ತೆಗೆದ. ಆ ಪ್ರಶ್ನೆ ನಮ್ಮ ಊರಿನಲ್ಲಿ ಅದೇ ಮೊದಲು, ಅದೇ ಕಡೆ. ಯಂತ್ರ ಕೂಡಿಸಿ ಮುಗಿದ ಮೇಲೆ ಅವನು ತನ್ನ ದೇಶಕ್ಕೆ ಹೋದ.

ಮೈದಾನ ಬೆಳೆದಂತೆ ತಂಡವೂ ಬೆಳೆಯಿತು. ಅಷ್ಟು ಅಗಲದಲ್ಲಿ ಓಡಿ ರೂಢಿಯಾದವರು ನಮ್ಮವರು. ಹೊರಗಿನಿಂದ ಬಂದವರು ಅರ್ಧ ಆಟ ಮುಗಿಯುವುದರಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದರು. ಗೆದ್ದಷ್ಟು ಅಗಲ, ಅಗಲವಾದಷ್ಟು ಗೆಲುವು. ಉನಿರಿಯಾ ತಾಲ್ಲೂಕು ದಾಟಿತು, ಜಿಲ್ಲೆ ದಾಟಿತು, ಪೇಪರಿನಲ್ಲಿ ಫೋಟೋ ಬಂತು. ಗಿರಣಿಯ ಬಾಗಿಲಲ್ಲೇ ಗಾಜಿನ ಕಪಾಟು ಮಾಡಿಸಿ ಗೆದ್ದ ಕಪ್ಪುಗಳನ್ನು ಇಟ್ಟರು. ಆ ಕಪಾಟಿನ ಮುಂದೆಯೇ ಅಪ್ಪ ಶೇಂಗಾ ಚೀಲ ಹೊತ್ತು ಒಳಗೆ ಹೋಗುತ್ತಿದ್ದ. ಅಷ್ಟರಲ್ಲಿ ಅವನು ಹಮಾಲನಾಗಿದ್ದ. ಹೊಲದಲ್ಲಿ ಉಳಿದದ್ದು ಮನೆಯ ಹಿಂದಿನ ಒಂದು ತುಂಡು. ಟ್ರಂಕಿನ ತುಂಬ ಮಾತ್ರ ಕೆಂಪು ರುಮಾಲು.

ಒಂದು ಸಂಜೆ ಅಪ್ಪ ಊಟಕ್ಕೆ ಕೂತಿದ್ದ. ಅವ್ವ ತಾಟು ಇಟ್ಟಳು. ತಾಟಿನಲ್ಲಿ ಒಂದು ರುಮಾಲು ಮಡಚಿ ಇಟ್ಟಿದ್ದಳು.

"ಇದೇನ?" ಅಂದ ಅಪ್ಪ.

"ಜ್ವಾಳ ತೀರ್‍ಯಾವ. ಇದನ್ನ ಹಂಗ ತಿಂತೀರೋ, ಕುದಿಸಿ ಬಡಸಲೋ?"

ಅಪ್ಪ ಸಿಟ್ಟಾಗಲಿಲ್ಲ. ರುಮಾಲು ಎತ್ತಿ ಪಕ್ಕಕ್ಕಿಟ್ಟು, ನನ್ನ ತಾಟಿನಿಂದ ಅರ್ಧ ರೊಟ್ಟಿ ಮುರಿದುಕೊಂಡ. "ಊರ ಹೆಸರ ಆತಲ್ಲ ನಿಂಗವ್ವಾ," ಅಂದ. ಅವ್ವ, "ಹೂಂ, ನಮ್ಮ ಹೊಲದ ಹೆಸರ ಹೋತು," ಅಂದಳು. ಆ ಮಳೆಗಾಲದಲ್ಲಿ ಅವಳು ರುಮಾಲುಗಳನ್ನೆಲ್ಲ ಕತ್ತರಿಸಿ ಕೌದಿ ಹೊಲಿದಳು. ಮನೆಗೆ ಬಂದವರು ಅದನ್ನು ನೋಡಿ ಚೆಂದ ಎನ್ನುತ್ತಿದ್ದರು.

ಇಳಿಗಾಲ ಬಂದದ್ದು ಆಟದಿಂದಲ್ಲ. ಹೊರಗಿನ ಅಗ್ಗದ ಎಣ್ಣೆ ಬಂತು, ಗಿರಣಿ ನಿಂತಿತು. ಆಡುವವರಿಗೆ ಸಂಬಳ ನಿಂತಿತು. ಒಳ್ಳೆಯವರು ಬೇರೆ ಊರುಗಳಿಗೆ ಹೋದರು. ಕಡೆಗೆ ಗಿರಣಿಯ ಮಾಲೀಕ ಗಾಜಿನ ಕಪಾಟನ್ನು ಕಪ್ಪುಗಳ ಸಮೇತ ಶಹರದ ಸಾಹುಕಾರನೊಬ್ಬನಿಗೆ ಕೊಟ್ಟ. ಕಪಾಟಿನ ಸಂಗಡ ಹೆಸರನ್ನೂ ಕೊಟ್ಟ. ಹೆಸರು ಮಾರಲು ಬರುತ್ತದೆ ಎಂದು ನಮಗೆ ಆಗ ತಿಳಿಯಿತು. ಶಹರದಲ್ಲಿ ಉನಿರಿಯಾ ಎಂಬ ತಂಡ ಹುಟ್ಟಿತು. ನಮ್ಮ ಊರು ಗೆದ್ದ ಕಪ್ಪುಗಳೆಲ್ಲ ಅದು ಗೆದ್ದದ್ದೆಂದು ಪೇಪರಿನಲ್ಲಿ ಬರೆಯತೊಡಗಿದರು. ಅದು ಗೆದ್ದಾಗಲೆಲ್ಲ ನಾವು ಬೆಳಿಗ್ಗೆ ಎದ್ದು ಮೈದಾನ ನೋಡಿದೆವು. ಒಂದು ಬೆರಳಿನಷ್ಟೂ ಅಲುಗಿರಲಿಲ್ಲ.

ಉಳಿದ ಹುಡುಗರು ಹೆಸರಿಲ್ಲದ ತಂಡವಾಗಿ ಆಡಿ ಸೋಲತೊಡಗಿದರು. ಸೋತ ಮರುದಿನ ಮೈದಾನದ ಅಂಚಿನ ಹುಲ್ಲು ಕರಿ ಮಣ್ಣಾಗಿರುತ್ತಿತ್ತು. ಮೊದಲ ಪಟ್ಟಿ ಮರಳಿದ ದಿನ ನಮ್ಮ ಓಣಿಯವರು ಯಾರೂ ಮಾತಾಡಲಿಲ್ಲ. ಎರಡನೆಯ ಪಟ್ಟಿಗೆ ಕಣ್ಣಲ್ಲೇ ನಕ್ಕರು. ಆಮೇಲೆ ಮುಚ್ಚುಮರೆ ಉಳಿಯಲಿಲ್ಲ. ಪಂದ್ಯದ ದಿನ ಹೊರಗಿನ ತಂಡದವರು ಬಸ್ಸಿಳಿದರೆ ಅವರಿಗೆ ನಮ್ಮವರೇ ಮಜ್ಜಿಗೆ ಕೊಟ್ಟರು, ನೆರಳಿಗೆ ಕರೆದು ಕೂಡಿಸಿದರು, ರೊಟ್ಟಿ ಶೇಂಗಾ ಹಿಂಡಿ ಕೊಟ್ಟರು. ಅವರು ಗೋಲು ಹೊಡೆದಾಗ ಟವೆಲ್ಲಿನ ಒಳಗೆ ಚಪ್ಪಾಳೆ ತಟ್ಟಿದರು. ದಾವಲಸಾಬ ಒಂದು ದಿನ ಮೈಕಿನಲ್ಲೇ ಬೈದ: "ಮಜ್ಜಿಗಿ ಕೊಟ್ಟವರ ನೆನಪಿರ್ಲಿ, ನಿಮ್ಮ ಮಕ್ಕಳೂ ಇದ ತಂಡದಾಗ ಆಡಾಕತ್ತಾರ!" ಅದು ಸುಳ್ಳಲ್ಲ. ಹೊಲದವರ ಮಕ್ಕಳು ಆಡುತ್ತಿದ್ದರು. ಅವರ ಕಾಲಿಗೆ ಚೆಂಡು ಬಂದಾಗ ಜನ ಉಸಿರು ಹಿಡಿದು ನೋಡುತ್ತಿದ್ದರು. ಅವರು ತಪ್ಪಿಸಿದರೆ ಒಬ್ಬರೂ ಬೇಕೆಂದೇ ತಪ್ಪಿಸಿದ ಎನ್ನಲಿಲ್ಲ. ಹಾಗಲ್ಲ ಎಂದೂ ಹೇಳಲಿಲ್ಲ.

ಕಡೆಕಡೆಗೆ ಮೈದಾನ ಒಂದು ಕಣದಷ್ಟಾಯಿತು. ಎರಡೂ ಕಡೆ ಗೋಲು ಕಾಯುವವರು ತಮ್ಮ ಜಾಗದಲ್ಲಿ ನಿಂತೇ ಎಲೆ ಅಡಿಕೆ ಕೊಟ್ಟು ತೆಗೆದುಕೊಳ್ಳುವಷ್ಟು ಸಮೀಪ. ತಾಲ್ಲೂಕಿನವರು ಬಂದು ನೋಡಿ, ಇಲ್ಲಿ ಪಂದ್ಯ ನಡೆಸಲು ಬರುವುದಿಲ್ಲ ಎಂದು ಹೇಳಿ ಹೋದರು. ದಾವಲಸಾಬ ಮೈಕನ್ನು ಒಂದು ಹಳೆಯ ಲುಂಗಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ.

ನಾವು ಹೊಲ ಹಸನು ಮಾಡಿದೆವು. ಮೊದಲ ವರ್ಷ ಬರೀ ಗರಿಕೆ ಕಿತ್ತೆವು. ಎರಡನೆಯ ವರ್ಷ ಶೇಂಗಾ ಹಾಕಿದೆವು, ಬಂತು. ಅಪ್ಪನೂ ನಾನೂ ಸೇರಿ ಬಾವಿ ತೋಡಿದೆವು. ಸಿಹಿ ನೀರು ಬಿತ್ತು. ಅಪ್ಪ ಬಾವಿಯ ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಟ್ಟು ಮೈದಾನದ ಕಡೆಗೆ ನೋಡುತ್ತಿದ್ದ. ಪಂದ್ಯಗಳ ಮಾತು ಬಂದರೆ ಎದ್ದು ಹೋಗುತ್ತಿದ್ದ. ಹಾಸಿಗೆ ಹಿಡಿದಾಗ, ಅವ್ವನ ಆ ಕೆಂಪು ಕೌದಿಯ ಕೆಳಗಿನಿಂದ ನನ್ನ ಕೈ ಹಿಡಿದು ಹೇಳಿದ: "ಫಕೀರಾ, ನನ್ನ ಬಾವಿ ಮುಂದ, ಮೈದಾನಕ್ಕ ಅಡ್ಡ ಇಡು. ಜೀವಂತ ಇದ್ದಾಗ ನನ್ನ ದಾಟಿ ಬಂತು. ಸತ್ತಾಂವನ್ನ ದಾಟ್ತೈತೇನು ನೋಡೂಣು."

ಗೌಡರ ರುದ್ರಭೂಮಿಯ ಕಡೆಗೆ ಮೈದಾನ ಎಂದೂ ಕಾಲಿಟ್ಟಿರಲಿಲ್ಲ. ಅದಕ್ಕೆ ಸತ್ತವರೆಂದರೆ ಅಂಜಿಕೆ ಎಂದು ಅಪ್ಪ ನಂಬಿದ್ದ. ನಾವೂ ನಂಬಿದೆವು. ಅವನನ್ನು ಬಾವಿಯಿಂದ ಸ್ವಲ್ಪ ಆಚೆ, ಮೈದಾನದ ಕಡೆಗೆ ಇಟ್ಟು, ಮೇಲೊಂದು ಕಲ್ಲು ನಿಲ್ಲಿಸಿದೆವು.

ಮತ್ತೆ ಶುರುವಾದದ್ದು ಹುಡುಗಿಯರಿಂದ. ಗಂಡುಹುಡುಗರಿಗೆ ಅಷ್ಟು ಸಣ್ಣ ಜಾಗ ಬೇಡವಾಗಿತ್ತು. ಕುರಿ ಕಟ್ಟಲು ಬಂದ ಹುಡುಗಿಯರು ಅಲ್ಲಿ ಚೆಂಡು ಒದೆಯತೊಡಗಿದರು. ಅವರಲ್ಲಿ ನನ್ನ ಮಗಳು ಕಸ್ತೂರಿ. ಇಕ್ಕಟ್ಟಿನಲ್ಲಿ ಆಡಿ ಆಡಿ ಅವರ ಕಾಲಿಗೆ ಒಂದು ಚಳಕ ಬಂದಿತ್ತು. ಸುತ್ತ ನಾಲ್ಕು ಜನ ನಿಂತರೂ ನಡುವಿನಿಂದ ಚೆಂಡು ದಾಟಿಸುತ್ತಿದ್ದರು. ದಾವಲಸಾಬ ದಿನಾ ಬಂದು ಕೂತು ನೋಡುತ್ತಿದ್ದ. ಐದೈದು ಜನ ಆಡುವ ಪಂದ್ಯಗಳೂ ಇರುತ್ತವೆ, ಅದಕ್ಕೆ ಇಷ್ಟು ನೆಲ ಸಾಕು ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದ. ಹುಡುಗಿಯರಿಗೆ ಅಂಗಿ ಬೇಕಾಯಿತು. ಅವ್ವ ಕೌದಿ ತೆಗೆದು ಹೊಲಿಗೆ ಬಿಚ್ಚತೊಡಗಿದಳು.

"ಅದು ಅಪ್ಪ ಹೊದ್ದದ್ದವ್ವಾ," ಅಂದೆ.

"ಹೊದ್ದು ಏನ್ ಸುಖಪಟ್ರು?" ಅಂದಳು. ತಲೆಯೆತ್ತಲಿಲ್ಲ. "ಹೆಸರ ಮಾರ್‍ಯಾರ. ಕೆಂಪ ಬಣ್ಣ ಮಾರಿಲ್ಲಲ್ಲ."

ಕೆಲವು ಗಾಢ, ಕೆಲವು ತೊಳೆದು ತೊಳೆದು ಗುಲಾಬಿಯಾದ ತುಂಡುಗಳ ಅಂಗಿ ತೊಟ್ಟು ಹುಡುಗಿಯರು ಆಡಿ, ಗೆದ್ದರು. ಮರುದಿನ ಬೆಳಿಗ್ಗೆ ಬದುವಿನ ಈಚೆ ಶೇಂಗಾ ಹುಲ್ಲಾಗಿತ್ತು.

ನಾನು ಸಲಿಕೆ ತೆಗೆದುಕೊಂಡು ಹೋದೆ. ಆಗ ಅಪ್ಪನ ಕಲ್ಲು ಬಹಳ ಹಿಂದಿತ್ತು, ಅಂಜಿಕೆ ಇರಲಿಲ್ಲ. ಹಲಗೆಯೂ ಬಂತು, ದಾವಲಸಾಬ ರುಮಾಲನ್ನೂ ತಂದ. ನಾನು, "ಬ್ಯಾಡ ಕಾಕಾ. ಬದು ಸರಸ್ತೀನಿ. ತಲಿ ಬಗ್ಗಸೂದಿಲ್ಲ," ಅಂದೆ. ಅವನು ಅದನ್ನು ಮಡಚಿ ಬಗಲಲ್ಲಿಟ್ಟುಕೊಂಡ. ಪ್ರತಿ ಸಲ ಗೆದ್ದಾಗಲೂ ತಂದ. ಪ್ರತಿ ಸಲವೂ ಮಡಚಿಕೊಂಡು ಹೋದ. ಐವರು ಏಳು ಜನರಾದರು, ಏಳು ಹೋಗಿ ಹನ್ನೊಂದಾಯಿತು. ಬದು ಅಪ್ಪನ ಕಲ್ಲಿನ ಹತ್ತಿರ ಬಂತು.

ಆ ವಾರ ಚಹಾದಂಗಡಿಯಲ್ಲಿ ದಾವಲಸಾಬ ಸಿಕ್ಕ. ಬಸಿಯಲ್ಲಿ ಚಹಾ ಊದಿ ಕುಡಿಯುತ್ತಿದ್ದ.

"ಕಾಕಾ, ಈ ಪಂದ್ಯಾ ಬಿಟ್ಟುಬಿಡ್ರಿ," ಅಂದೆ. "ಇನ್ನೊಂದ ಗೆದ್ರ ಅಪ್ಪನ್ನ ನುಂಗತೈತಿ. ಅದರ ಮುಂದ ಬಾವಿ."

"ಯಮನಪ್ಪ ಇದ್ದಿದ್ರ ಬಿಡು ಅಂತಿದ್ನೇನೋ ತಮ್ಮಾ?"

"ಅಂವಗ ಕಡೀಕ ತಿಳೀತು. ಕೊಟ್ಟು ಕೊಟ್ಟು ಹಮಾಲಕಿ ಮಾಡಿದ."

ದಾವಲಸಾಬ ಬಸಿ ಕೆಳಗಿಟ್ಟ. "ನಾ ಹುಟ್ಟಿದಾಗಿಂದ ಹಮಾಲ. ನನಗ ಯಾರ ರುಮಾಲ ಕಟ್ಟಿದ್ರು? ಫಕೀರಪ್ಪಾ, ನಿಮಗ ಹೊಲಾ ಐತಿ, ಹೋಗ್ತೈತಿ, ಬರ್ತೈತಿ, ಮತ್ತ ಹೋಗ್ತೈತಿ. ನಮ್ಮ ಓಣ್ಯಾಗ ಹೋಗಾಕ ಏನೈತಿ, ಬರಾಕ ಏನೈತಿ? ವಾರಕ್ಕೊಮ್ಮಿ ಒಂದ ಆಟ. ಅದನ್ನೂ ಸೋಲ್ರಿ ಅಂತ ನೀ ಮಜ್ಜಿಗಿ ಹಂಚಾಕ ಬಂದೀ ಏನು?"

ಅಂಗಡಿಯಲ್ಲಿದ್ದವರು ನಕ್ಕರು. ನಾನು ಎದ್ದು ಬಂದೆ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕುತ್ತ ಮನೆಯವರೆಗೆ ನಡೆದೆ, ಸಿಗಲಿಲ್ಲ. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಕಸ್ತೂರಿ ಬಾವಿಯ ಹತ್ತಿರ ಕಾಲು ತೊಳೆಯುತ್ತಿದ್ದಳು. ಮೊಣಕಾಲು ತರಚಿತ್ತು. ನನ್ನನ್ನು ನೋಡಿ, "ಚಹಾದಂಗಡ್ಯಾಗ ಜಗಳಾ ಮಾಡಿ ಬಂದ್ಯಂತ?" ಅಂದಳು. ಇಂಥ ಸುದ್ದಿ ನಮ್ಮ ಊರಿನಲ್ಲಿ ಮನುಷ್ಯನಿಗಿಂತ ಮೊದಲು ಮನೆ ಮುಟ್ಟುತ್ತದೆ.

"ಜಗಳಾ ಅಲ್ಲ."

ಅವಳು ಕೊಡ ಕೆಳಗಿಟ್ಟಳು. "ಅಪ್ಪಾ, ಸೋಲು ಅಂತ ಒಮ್ಮಿ ಬಾಯಿ ಬಿಟ್ಟು ಹೇಳು. ಸೋಲ್ತೀನಿ. ಚೆಂಡ ಹೊರಗ ಒದ್ದರ ಯಾರಿಗೂ ತಿಳ್ಯಾಂಗಿಲ್ಲ. ಆದರ ನೀ ಹೇಳಬೇಕು. ನಾ ಆಗೇ ನಾ ಹೊರಗ ಒದ್ಯಾಂಗಿಲ್ಲ."

ಅವಳ ಹಿಂದೆ ಅಪ್ಪನ ಕಲ್ಲು ಕಾಣುತ್ತಿತ್ತು. ಸೋಲು ಎಂಬ ಒಂದು ಮಾತು. ಓಣಿಯ ಎಷ್ಟೋ ತಂದೆಯರು ತಮ್ಮ ಗಂಡುಮಕ್ಕಳಿಗೆ ಈ ಮಾತನ್ನು ಹೇಳಿದ್ದಿರಬೇಕು.

"ಕಾಲು ಒರಸಿಕೊಂಡ ಒಳಗ ಬಾ," ಅಂದೆ. "ರೊಟ್ಟಿ ಆರಾಕತ್ತಾವ."

ಆ ಪಂದ್ಯ ಅವರು ಗೆದ್ದರು. ನಾನು ನೋಡಲು ಹೋಗಲಿಲ್ಲ. ಮನೆಯ ಹಿಂದೆ ಕೂತು ಕೂಗು ಕೇಳಿಸಿಕೊಂಡೆ. ಬೆಳಿಗ್ಗೆ ಹೋದಾಗ ಕಲ್ಲು ಇರಲಿಲ್ಲ, ದಿಬ್ಬವಿರಲಿಲ್ಲ. ಉಳಿದ ಹುಲ್ಲಿನಂತೆಯೇ ಹುಲ್ಲು, ಅಷ್ಟೇ ಎತ್ತರ, ಅಷ್ಟೇ ಹಸಿರು. ನಾನು ತಲೆಯೆತ್ತಿ ಮೈದಾನದ ಆಚೆ ಬದಿಯ ಗೌಡರ ರುದ್ರಭೂಮಿ ನೋಡಿದೆ. ಅದರ ಸುಣ್ಣ ಬಳಿದ ಗದ್ದುಗೆಗಳು ಎಂದಿನಂತೆ ಸಾಲಾಗಿ ಕೂತಿದ್ದವು. ಮೈದಾನ ಸತ್ತವರಿಗೆ ಅಂಜುತ್ತಿರಲಿಲ್ಲ. ಸತ್ತವರು ಯಾರೆಂದು ನೋಡುತ್ತಿತ್ತು. ಅಪ್ಪ ಅದನ್ನು ತಿಳಿಯದೇ ಹೋದ, ಒಳ್ಳೆಯದಾಯಿತು. ಬದು ಈಗ ಬಾವಿಯ ಕಟ್ಟೆಗೆ ತಾಗಿತು. ಅವತ್ತು ದಾವಲಸಾಬ ಹಲಗೆಯವರನ್ನು ದೂರ ನಿಲ್ಲಿಸಿ ಒಬ್ಬನೇ ಬಂದ. ರುಮಾಲು ತೋರಿಸಲೂ ಇಲ್ಲ. ಹುಲ್ಲಿನ ಮುಂದೆ ಚಪ್ಪಲಿ ಬಿಟ್ಟು ನಿಂತು, ಕೈ ಮುಗಿದು ಹೋದ.

ಮುಂದಿನದು ಶಹರದ ಉನಿರಿಯಾದ ಹುಡುಗಿಯರ ಸಂಗಡ. ಸಾಹುಕಾರ ಹೆಣ್ಣುಮಕ್ಕಳ ತಂಡವನ್ನೂ ಕಟ್ಟಿದ್ದ. ಹೊಳೆಯುವ ಬಸ್ಸಿನಲ್ಲಿ, ಹೊಳೆಯುವ ಅಂಗಿ ತೊಟ್ಟು ಬಂದರು. ಎದೆಯ ಮೇಲೆ ನಮ್ಮ ಹೆಸರು. ಅವರಿಗೆ ಅದು ಎಲ್ಲಿಯದೆಂದು ಗೊತ್ತಿರಲಿಲ್ಲ. ಪಾಪ, ಚಿಕ್ಕ ಹುಡುಗಿಯರು.

ಮನೆಯಲ್ಲಿ ಹೆಂಡತಿ ನೀಲವ್ವ ಬೆಳಿಗ್ಗೆಯಿಂದ ನೀರು ಸೇದಿ ಹಂಡೆ, ಕೊಡ, ತಪೇಲಿ, ಕಡೆಗೆ ಒಳಕಲ್ಲಿನ ಕುಳಿಯನ್ನೂ ತುಂಬಿಸಿದ್ದಳು. ಮಗಳು ಗೆಲ್ಲುತ್ತಾಳೆಂದು ಬಾಯಿ ಬಿಟ್ಟು ಹೇಳಲಿಲ್ಲ. ಅವ್ವ ಹೊಸ್ತಿಲ ಮೇಲೆ ಕೂತು ಅಂಗಿಯ ಹರಿದ ತೋಳಿಗೆ ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದು ಕಸ್ತೂರಿಗೆ ಕೊಟ್ಟಳು. "ನೀ ಬರಂಗಿಲ್ಲೇನು?" ಎಂದು ನನ್ನನ್ನು ಕೇಳಿದಳು. ಇಲ್ಲ ಅಂದೆ. ಆದರೂ ಹೋದೆ. ಬಾವಿಯ ಕಟ್ಟೆಯ ಮೇಲೆ, ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತೆ. ಕೆಳಗೆ ಬದು, ಬದುವಿನ ಆಚೆ ಸುಣ್ಣದ ಗೆರೆ. ಈ ಕಡೆಯ ಮೂಲೆಗೆ ನೆಟ್ಟ ಬಾವುಟದ ಕೋಲು ಕಲ್ಲಿದ್ದ ಜಾಗದಲ್ಲೇ ಇತ್ತು. ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಬಾವಿಯಿಂದ ನೋಡಿದರೆ ಗೊತ್ತಾಗುತ್ತಿತ್ತು.

ದಾವಲಸಾಬ ಮೈಕು ಹಿಡಿದ. ಎದುರು ತಂಡದ ಹೆಸರು ಹೇಳಬೇಕಾದಾಗ ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದ. "ಉನಿರಿಯಾ," ಅಂದ. ಆಮೇಲೆ, "ಇತ್ಲಾಗ ನಮ್ಮ ಊರ ಹುಡಿಗ್ಯಾರು," ಅಂದ. ಕಡೆಗೆ, "ಇವತ್ತಿನ ನೆಲಾ ಯಮನಪ್ಪನವರದು. ಅಂವ ಅದರಾಗ ಅದಾನ," ಅಂದ. ಚಪ್ಪಾಳೆ ಬರಲಿಲ್ಲ. ಗಂಡಸರು ಟೊಪ್ಪಿಗೆ ತೆಗೆದರು. ನಾನು ಕಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಾಯಿ ತೆರೆಯಬಾರದೆಂದು ನಿಶ್ಚಯ ಮಾಡಿದ್ದೆ. ಅವರು ಗೆದ್ದರೆ ಗೆಲ್ಲಲಿ, ಬಾವಿ ಹೋದರೆ ಹೋಗಲಿ, ನನ್ನ ಗಂಟಲಿನಿಂದ ಒಂದು ಸದ್ದೂ ಅದಕ್ಕೆ ಸೇರಬಾರದು.

ಆಟ ಬಹಳ ಹೊತ್ತು ಹಾಗೇ ನಡೆಯಿತು, ಯಾರೂ ಗೋಲು ಹೊಡೆಯಲಿಲ್ಲ. ಶಹರದವರು ಚೆನ್ನಾಗಿ ಆಡಿದರು. ಒಂದು ಸಲ ಚೆಂಡು ನಮ್ಮ ಗೋಲಿನ ಕಂಬಕ್ಕೆ ಬಡಿದು ಹೊರಗೆ ಬಂತು. ಮಜ್ಜಿಗೆಯ ದಿನಗಳ ಹಳಬರೊಬ್ಬರು ನನ್ನ ಪಕ್ಕದಲ್ಲಿ ಕೂತಿದ್ದರು. ನನ್ನ ಕಡೆ ನೋಡಿ, "ಛೇ, ಸ್ವಲ್ಪದಾಗ ತಪ್ಪಿತು," ಅಂದರು. ನನ್ನ ಬಾವಿಯ ಸಲುವಾಗಿ ಅಂದದ್ದು. ನಾನು ತಲೆಯಾಡಿಸಿದೆ.

ಆಟ ಮುಗಿಯುತ್ತ ಬಂದಾಗ ನಮ್ಮವರಿಗೆ ಕಾರ್ನರ್ ಸಿಕ್ಕಿತು, ಈ ಮೂಲೆಯದು. ಒದೆಯಲು ಕಸ್ತೂರಿ ಬಂದಳು. ಬಾವುಟದ ಕೋಲಿನ ಬುಡದಲ್ಲಿ ಚೆಂಡು ಇಟ್ಟಳು. ಮೈ ಪೂರಾ ಬೆವರು. ಅಂಗಿಯ ಬೆನ್ನಿಗೆ ಎರಡು ಬಗೆಯ ಕೆಂಪು, ನಡುವೆ ಅವ್ವನ ಹೊಲಿಗೆ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಎಲ್ಲರೂ ಗೋಲಿನ ಕಡೆ ನೋಡುತ್ತಿದ್ದರು, ಅವಳು ಮಾತ್ರ ನನ್ನನ್ನು. ಆ ನೋಟದಲ್ಲಿ ಕೇಳಿದ್ದು ಏನೆಂದು ನನಗೆ ತಿಳಿಯಿತು. ನಾನು ಒಮ್ಮೆ ತಲೆ ಅಡ್ಡ ಆಡಿಸಿದ್ದರೆ ಸಾಕಿತ್ತು. ಚೆಂಡು ಎಲ್ಲೋ ಮೇಲೆ ಹಾರಿ ಹೋಗುತ್ತಿತ್ತು.

ಅವಳು ಬಗ್ಗಿ ನೆಲ ಮುಟ್ಟಿ, ಆ ಕೈಯನ್ನು ಹಣೆಗೊತ್ತಿಕೊಂಡಳು. ಎಡಗಾಲನ್ನು ಅಪ್ಪನ ಎದೆಯ ಮೇಲೆ ಊರಿ ಬಲಗಾಲಿನಿಂದ ಒದ್ದಳು.

ಚೆಂಡು ಮೇಲೆದ್ದು, ಹೊರಗೆ ಹೋಗುತ್ತದೆ ಎನ್ನುವಷ್ಟು ಹೋಗಿ, ಒಳಗೆ ತಿರುಗಿತು. ಯಾರೂ ಮುಟ್ಟಲಿಲ್ಲ. ದೂರದ ಕಂಬದ ಒಳಬದಿಗೆ ಹೋಗಿ ಬಿತ್ತು.

ಆಮೇಲೆ ನನಗೆ ತಿಳಿದದ್ದು ನನ್ನ ಗಂಟಲು ಉರಿಯುತ್ತಿದೆ ಎಂದು. ಕಟ್ಟೆಯ ಮೇಲೆ ಎದ್ದು ನಿಂತಿದ್ದೆ. ಪಕ್ಕದ ಹಳಬರು ನನ್ನ ಧೋತರ ಹಿಡಿದು, "ಬಾವ್ಯಾಗ ಬಿದ್ದೀಯೋ ಮಾರಾಯಾ, ಕುಂಡ್ರು," ಎನ್ನುತ್ತಿದ್ದರು. ಕೂಗುತ್ತಿದ್ದವನು ನಾನೇ. ನಿಲ್ಲಿಸಬೇಕೆಂದುಕೊಂಡೆ. ಕೂಗು ನಿಲ್ಲಲಿಲ್ಲ.

ಬೆಳಿಗ್ಗೆ ಚಹಾಕ್ಕೆ ನಿಲ್ಲಲಿಲ್ಲ. ಸಲಿಕೆ ತೆಗೆದುಕೊಂಡು ಹೋದೆ. ಬಾವಿ ಇದ್ದಲ್ಲಿ ಹುಲ್ಲಿತ್ತು. ಕಾಲಿಟ್ಟರೆ ಒದ್ದೆ ಕೂಡ ಆಗಲಿಲ್ಲ. ಹಿಂದಿನ ಸಂಜೆ ಬಿಚ್ಚಿ ತಂದಿದ್ದ ರಾಟೆ ಮತ್ತು ಹಗ್ಗ ಮನೆಯ ಗೋಡೆಗೆ ಒರಗಿದ್ದವು. ಅವು ಇನ್ನು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಹುಲ್ಲು ಮುಗಿಯುವಲ್ಲಿ ಬದು ಹಾಕಿದೆ. ಅಲ್ಲಿಂದ ನೋಡಿದರೆ ಮನೆಯ ಹಿಂಬಾಗಿಲು ಕಾಣುತ್ತಿತ್ತು. ಬಾಗಿಲಲ್ಲಿ ಅವ್ವ, ನೀಲವ್ವ, ಇನ್ನೂ ಅಂಗಿ ಕಳಚದ ಕಸ್ತೂರಿ.

ಹಲಗೆ ಕೇಳಿಸಿತು. ಮುಂದೆ ದಾವಲಸಾಬ, ಕೈಯಲ್ಲಿ ರುಮಾಲು. ಇಷ್ಟು ದಿನ ಮಡಚಿ ಮಡಚಿ ಅದಕ್ಕೆ ಗೆರೆ ಬಿದ್ದಿತ್ತು. ಅವನು ನನ್ನ ಮುಂದೆ ಬಂದು ನಿಂತ. ನಾನು ಬೇಡ ಅನ್ನುತ್ತೇನೆಂದು ಕಾದ.

ನಾನು ಮಣ್ಣು ಕೈಯನ್ನು ಧೋತರಕ್ಕೆ ಒರೆಸಿಕೊಂಡು ತಲೆ ಬಗ್ಗಿಸಿದೆ.